ಜೂನ್ ಒಂದರಂದು ಹುಟ್ಟಿದವರು

ಆ ವರ್ಷ ನನ್ನ ಉಸ್ತುವಾರಿಯಲ್ಲಿ ಅರ್ಜಿ ಹಾಕಿದ ನಾಲ್ವರು ಹುಡುಗಿಯರ ಜನ್ಮದಿನವೂ ಜೂನ್ ಒಂದಾಗಿತ್ತು. ಅದನ್ನು ನಾಲ್ಕು ಸಲ ಟೈಪು ಮಾಡಿದವಳು ನಾನೇ. ವಿಚಿತ್ರವೇನೂ ಕಂಡಿರಲಿಲ್ಲ, ಏಕೆಂದರೆ ಕಾಗದದ ಪ್ರಕಾರ ನಾನು ಹುಟ್ಟಿದ್ದೂ ಜೂನ್ ಒಂದರಂದೇ. ನಮ್ಮ ಪ್ರಾಂಶುಪಾಲರೂ ಅಂದೇ ಹುಟ್ಟಿದವರು, ಗಂಟೆ ಹೊಡೆಯುವ ಜವಾನನೂ ಅಂದೇ.

ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಬೇಕು. ಮಗುವನ್ನು ಶಾಲೆಗೆ ಕರೆತಂದ ತಾಯಿಯನ್ನು ಯಾವಾಗ ಹುಟ್ಟಿತೆಂದು ಕೇಳಿದರೆ ಜೋಳದ ರಾಶಿ ನಡೆದಾಗ ಎನ್ನುತ್ತಾಳೆ, ಇಲ್ಲವೇ ಸಣ್ಣ ಮೈದುನನ ಲಗ್ನವಾದ ವರ್ಷ ಎನ್ನುತ್ತಾಳೆ. ದಾಖಲಾತಿ ರಿಜಿಸ್ಟರಿಗೆ ರಾಶಿ, ಲಗ್ನ ನಡೆಯುವುದಿಲ್ಲ, ತಾರೀಖು ಬೇಕು. ಆಗ ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಾರೆ. ಮುಟ್ಟಿದರೆ ಆರು ವರ್ಷ ತುಂಬಿದಂತೆ. ಶಾಲೆ ಶುರುವಾಗುವ ದಿನಕ್ಕೆ ಲೆಕ್ಕ ಸರಿಯಾಗಿ ಕೂಡಲೆಂದು ಜೂನ್ ಒಂದು ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಾರೆ. ಪ್ರತಿ ವರ್ಷ ಮೇ ಕೊನೆಯ ದಿನ ನಮ್ಮ ಕಚೇರಿಗಳಲ್ಲಿ ಸಾಲುಸಾಲಾಗಿ ನಿವೃತ್ತಿ ಸಮಾರಂಭ ನಡೆದು ಪೇಟೆಯಲ್ಲಿ ಶಾಲು, ಹಾರ ಸಿಗದೇ ಹೋಗುವುದು ಇದೇ ಕಾರಣಕ್ಕೆ. ಈಗ ಆಸ್ಪತ್ರೆಯ ಹೆರಿಗೆ, ಆಧಾರ್ ಎಲ್ಲ ಬಂದು ಈ ಪದ್ಧತಿ ಕಡಿಮೆಯಾಗಿದೆ. ಆದರೆ ಈಗ ಪಿಯುಸಿ ಮುಗಿಸುತ್ತಿರುವವರು ಹಳೆಯ ರಿಜಿಸ್ಟರಿನ ಮಕ್ಕಳು.

ನಾನು ಆಳಂದದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ. ಯಾರೂ ಹೇಳದೆ ನಾನಾಗಿ ಕೊರಳಿಗೆ ಕಟ್ಟಿಕೊಂಡ ಇನ್ನೊಂದು ಕೆಲಸವೆಂದರೆ ದೊಡ್ಡ ವಿಶ್ವವಿದ್ಯಾಲಯಗಳಿಗೆ ನಮ್ಮ ಮಕ್ಕಳಿಂದ ಅರ್ಜಿ ಹಾಕಿಸುವುದು. ಭಾನುವಾರ ಪ್ರಯೋಗಾಲಯದ ಬೀಗ ತೆಗೆಸಿ, ಇರುವ ಒಂದೇ ಲ್ಯಾಪ್‌ಟಾಪಿನ ಮುಂದೆ ಒಬ್ಬೊಬ್ಬರನ್ನೇ ಕೂರಿಸಿ ತುಂಬಿಸುತ್ತೇನೆ. ಹಾಸ್ಟೆಲಿನ ಹುಡುಗಿಯರ ಕೈಯಲ್ಲಿ ಮೊಬೈಲು ಇರುವುದಿಲ್ಲ, ಮನೆಯವರ ನಂಬರಿಗೆ ರೀಚಾರ್ಜು ಇರುವುದಿಲ್ಲ. ಹಾಗಾಗಿ ಎಲ್ಲರ ಅರ್ಜಿಗೂ ನನ್ನದೇ ನಂಬರು, ಎಲ್ಲರ ಒಟಿಪಿಯೂ ನನ್ನ ಮೊಬೈಲಿಗೇ.

ಆ ನಾಲ್ವರೂ ಅರ್ಜಿ ಹಾಕಿದ್ದು ಹೊರರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ. ಸಾವಿರಾರು ಮಂದಿ ಬಾಗಿಲು ಬಡಿದು ಬೆರಳೆಣಿಕೆಯ ಮಂದಿ ಒಳಗೆ ಹೋಗುವ ಜಾಗ. ಒಳಗೆ ಹೋದ ಬಡವರ ಮಕ್ಕಳ ಓದು, ಊಟ, ವಸತಿ ಎಲ್ಲ ಅವರದೇ. ಮೂವರು ಲಿಖಿತ ಪರೀಕ್ಷೆ ದಾಟಿ ಕಾಯುವ ಪಟ್ಟಿಯಲ್ಲಿದ್ದರು. ನಾಲ್ಕನೆಯವಳು ಸಂದರ್ಶನವನ್ನೂ ದಾಟಿದ್ದಳು, ಭೌತಶಾಸ್ತ್ರದಲ್ಲಿ ತಾತ್ಕಾಲಿಕ ಸೀಟು ಬಂದಿತ್ತು. ಈ ಬರಹ ಅವಳ ಕುರಿತದ್ದು.

ಹುಡುಗಿ ಅಫಜಲಪುರ ತಾಲ್ಲೂಕಿನವಳು, ಚೌಡಾಪುರದಿಂದ ಒಳಗಿರುವ ಒಂದು ಹಳ್ಳಿ. ಲೆಕ್ಕ ಬಿಡಿಸಿ ಉತ್ತರ ಬಂದ ಮೇಲೂ ಪುಸ್ತಕ ಮುಚ್ಚದೆ, ಇದಕ್ಕೆ ಇನ್ನೊಂದು ದಾರಿ ಇದೆಯೇ ಎಂದು ಕಾಡುವ ಜಾತಿ. ಅವಳಿಗೆ ಆ ಸೀಟು ಓದಿಗಷ್ಟೇ ಬೇಕಾಗಿರಲಿಲ್ಲ. ಜೇವರ್ಗಿ ತಾಲ್ಲೂಕಿನ ಕೊಳಕೂರಿನಲ್ಲಿ ಅವಳ ಸೋದರಮಾವನಿದ್ದ. ಅಕ್ಕನ ಮಗಳು ತನ್ನ ಹಕ್ಕು ಎಂದು ಮೊದಲಿನಿಂದಲೂ ಹೇಳಿಕೊಂಡು ಬಂದವನು. ಈ ಜೂನ್ ಒಂದಕ್ಕೆ ಹದಿನೆಂಟು ತುಂಬುತ್ತದೆ, ಇನ್ನು ಯಾವ ಕಾನೂನು ಅಡ್ಡ ಬರುತ್ತದೆ ಎಂದು ಅವನ ಕಡೆಯವರು ದಿನ ನೋಡತೊಡಗಿದ್ದರು. ಸೀಟು ಸಿಕ್ಕರೆ ಓದಲಿ, ಸಿಗದಿದ್ದರೆ ಲಗ್ನ ಎಂದು ತಂದೆ ಮಾತು ಕೊಟ್ಟುಬಿಟ್ಟಿದ್ದ. ಹುಡುಗಿ ಇದನ್ನು ನನಗೆ ಹೇಳಿದ್ದು ಅಳುತ್ತಾ ಅಲ್ಲ. "ಎರಡ ದಾರಿ ಅವ ಮೇಡಮ್, ಮೂರನೇದಿಲ್ಲ" ಎಂದು ಗಣಿತದ ಭಾಷೆಯಲ್ಲೇ ಹೇಳಿದ್ದಳು.

ಮೇ ನಡುವಿನ ಒಂದು ಸೋಮವಾರ ಆ ಇಮೇಲ್ ಬಂತು. ನಾಲ್ಕು ಅರ್ಜಿಗಳು ಒಂದೇ ಮೊಬೈಲಿನಿಂದ, ಒಂದೇ ಕಂಪ್ಯೂಟರಿನಿಂದ, ಒಂದೇ ಜನ್ಮದಿನಾಂಕದೊಂದಿಗೆ ಬಂದಿವೆ. ನಾಲ್ಕನ್ನೂ ಅನುಮಾನದ ಪಟ್ಟಿಗೆ ಸೇರಿಸಿ ತಡೆಹಿಡಿಯಲಾಗಿದೆ. ಹತ್ತು ದಿನದೊಳಗೆ ಜನನ ಪ್ರಮಾಣಪತ್ರ ಕೊಡಬೇಕು. ಅದಿಲ್ಲದಿದ್ದರೆ ಮೊದಲು ಸೇರಿದ ಶಾಲೆಯ ದಾಖಲಾತಿಯ ನಕಲು ಮತ್ತು ಸಾಧ್ಯವಾದರೆ ಆ ದಿನಾಂಕ ಬರೆದ ಶಿಕ್ಷಕರ ಹೇಳಿಕೆ. ಹೊರಗಿನವರ ಕಣ್ಣಿನಿಂದ ನೋಡಿದರೆ ನಾನು ನಕಲಿ ಅರ್ಜಿಗಳ ಅಂಗಡಿ ಇಟ್ಟವಳ ಹಾಗೇ ಕಾಣುತ್ತಿದ್ದೆ.

ಪರಿಶೀಲನಾ ಅಧಿಕಾರಿಗೆ ಫೋನು ಮಾಡಿದೆ. ಉತ್ತರ ಭಾರತದ ಕಡೆಯ ಹೆಣ್ಣುಮಗಳು. ಸಿಟ್ಟಿಲ್ಲದ, ಏರಿಳಿತವೂ ಇಲ್ಲದ ದನಿ. ನಾನು ಜೂನ್ ಒಂದರ ಕಥೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಇದೆಲ್ಲ ಬರವಣಿಗೆಯಲ್ಲಿ ಕೊಡಿ ಎಂದರು. ಸುಳ್ಳೆಂದು ಮುಂದೆ ಯಾವಾಗ ಗೊತ್ತಾದರೂ, ಕೊನೆಯ ವರ್ಷದಲ್ಲಿ ಗೊತ್ತಾದರೂ, ಪ್ರವೇಶ ರದ್ದಾಗುತ್ತದೆ ಎಂದೂ ಹೇಳಿದರು. ಬೆದರಿಸಲು ಹೇಳಿದ್ದಲ್ಲ, ಬಸ್ಸು ಹೊರಡುವ ವೇಳೆ ಹೇಳುವಂತೆ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಆ ಹುಡುಗಿಯ ಶಾಲಾ ದಾಖಲಾತಿಯಲ್ಲಿ ಜೂನ್ ಒಂದು ಎಂದು ಬರೆದ ಶಿಕ್ಷಕರನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು ನಾನು.

ಮಂಗಳವಾರ ಚೌಡಾಪುರದಲ್ಲಿ ಬಸ್ಸಿಳಿದು, ಆಟೊ ಹಿಡಿದು ಆ ಶಾಲೆಗೆ ಹೋದೆ. ಬೇಸಿಗೆ ರಜೆ. ಅಂದು ನನ್ನ ಜೊತೆ ಸಹಶಿಕ್ಷಕರಾಗಿದ್ದವರು ಈಗ ಅಲ್ಲಿ ಮುಖ್ಯೋಪಾಧ್ಯಾಯರು, ಫೋನು ಮಾಡಿದ್ದಕ್ಕೆ ಬಂದು ಬೀಗ ತೆಗೆದರು. ರಿಜಿಸ್ಟರು ಕಬ್ಬಿಣದ ಅಲಮಾರಿಯ ಕೆಳಗಿನ ಅರೆಯಲ್ಲಿತ್ತು. ಪುಟ ತೆರೆದರೆ ನನ್ನದೇ ಅಕ್ಷರ, ಆಗಿನ ಹುರುಪಿನ ದುಂಡು ಅಕ್ಷರ. ಆ ವರ್ಷ ಸೇರಿದವರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲರನ್ನೂ ನಾನು ಒಂದೇ ದಿನ ಹುಟ್ಟಿಸಿದ್ದೆ.

ಅವಳ ಸಾಲು ನೋಡಿದಾಗ ಎಲ್ಲ ನೆನಪಾಯಿತು. ಅಕ್ಕ ಮೂರನೇ ತರಗತಿಯಲ್ಲಿದ್ದಳು. ತಾಯಿ ಕೂಲಿಗೆ ಹೋಗುವವಳು, ತಂಗಿಯನ್ನು ನೋಡಿಕೊಳ್ಳಲು ಅಕ್ಕನನ್ನು ಬಿಡಿಸಲು ಬಂದಿದ್ದಳು. ಬಿಡಿಸಬೇಡಿ, ಸಣ್ಣವಳನ್ನೂ ಕಳಿಸಿ ಎಂದೆ. ಸಣ್ಣವಳ ಕೈ ಕಿವಿಯ ಹತ್ತಿರವೂ ಬಂದಿರಲಿಲ್ಲ. ನಾನೇ ಕೈ ಹಿಡಿದು ಎಳೆದು ಮುಟ್ಟಿಸಿ, ಎಲ್ಲರೂ ನಕ್ಕು, ಆರು ವರ್ಷ ಎಂದು ಬರೆದಿದ್ದೆ. ಇಬ್ಬರೂ ಉಳಿದರು, ಇಬ್ಬರಿಗೂ ಮಧ್ಯಾಹ್ನದ ಊಟ ಸಿಕ್ಕಿತು. ಅದನ್ನೊಂದು ಪುಣ್ಯದ ಕೆಲಸವೆಂದು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ.

ಮುಖ್ಯೋಪಾಧ್ಯಾಯರು ಮೇಜಿನ ಖಾನೆಯಿಂದ ಠಸ್ಸೆ, ಪ್ಯಾಡು ತೆಗೆದಿಟ್ಟರು.

"ಇದಕ್ಯಾಕ ಇಷ್ಟ ಪರೇಶಾನ್ ಆಗ್ತೀರಿ ಮೇಡಮ್ರಿ? 'ಶಾಲಾ ದಾಖಲೆಯಂತೆ ಸರಿ ಇದೆ' ಅಂತ ಒಂದ ಸಾಲ ಬರ್ದ ಠಸ್ಸೆ ಹೊಡ್ದ ಕೊಡ್ತೇನಿ. ಹಾವೂ ಸಾಯಂಗಿಲ್ಲ, ಕೋಲೂ ಮುರಿಯಂಗಿಲ್ಲ."

"ಬರ್ದವ್ರ ಹೇಳಿಕಿ ಕೇಳ್ಯಾರ್ರಿ ಸರ್."

"ಸಾಧ್ಯ ಇದ್ರ ಅಂದಾರಲ್ಲ? ಸಾಧ್ಯ ಇಲ್ಲ ಅನ್ರಿ. ಅಂದಾಜಿಲೆ ಬರ್ದೇನಿ ಅಂತ ನೀವ ಸಹಿ ಮಾಡಿ ಕೊಟ್ರ, ನಾಳಿ ಇಲಾಖಾ ವಿಚಾರಣಿ ನಿಮ್ಮ ಮ್ಯಾಲ. ಬೀಸೋ ದೊಣ್ಣಿ ತಪ್ಪಿಸ್ಕೊಳ್ಳೋದ ಬಿಟ್ಟು ತಲಿ ಕೊಡ್ಲಾಕ ಹೊಂಟೀರಲ್ಲ."

ಅವರು ಹೇಳಿದ್ದು ಶುದ್ಧ ವ್ಯವಹಾರದ ಮಾತು. ಉಳಿದ ಮೂವರ ಶಾಲೆಗಳೂ ಅಂಥದೇ ಒಂದು ಸಾಲಿನ ಪತ್ರ ಕೊಡಲು ಒಪ್ಪಿದ್ದವು, ನಾನೇ ಅವನ್ನು ಅಪ್‌ಲೋಡು ಮಾಡುವವಳಿದ್ದೆ. ಆದರೆ ಈ ಸಾಲು ಬರೆದ ಕೈ ನನ್ನದು. ಕೊನೆಯ ವರ್ಷದಲ್ಲಿ ಗೊತ್ತಾದರೂ ರದ್ದು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ನಿಜ ಹೇಳಿದರೆ ಕಳೆದುಕೊಳ್ಳುವುದೇನು, ಹುಟ್ಟಿದ ದಿನ ಅತ್ತಿತ್ತ ಆಗುತ್ತದೆ ಅಷ್ಟೇ ಎಂದುಕೊಂಡೆ. ಐದು ನಿಮಿಷ ಕೂತು ಕೂಡಿಸಿ ಕಳೆದು ನೋಡಲಿಲ್ಲ. ಗಣಿತದವಳು ನಾನು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ದಾಖಲಾತಿಯ ದೃಢೀಕೃತ ನಕಲನ್ನಷ್ಟೇ ಪಡೆದು ಹೊರಬಿದ್ದೆ.

ತಾಯಿ ಉದ್ಯೋಗ ಖಾತ್ರಿಯ ಕೆಲಸದಲ್ಲಿದ್ದಳು. ಊರ ಹೊರಗೆ ಹಳ್ಳದ ಹೂಳು ತೆಗೆಯುತ್ತಿದ್ದರು. ನನ್ನನ್ನು ದೂರದಿಂದಲೇ ಗುರುತಿಸಿ ಬುಟ್ಟಿ ಇಳಿಸಿ ಬಂದಳು.

"ಅಕ್ಕೋರ, ನೀವ! ಬಿಸಿಲಾಗ ಯಾಕ ಬಂದ್ರಿ? ಹುಡುಗಿ ಆರಾಮ ಅದಾಳಿಲ್ರಿ?"

ಆರಾಮಿದ್ದಾಳೆ, ಅವಳು ಹುಟ್ಟಿದ ದಿನ ಸರಿಯಾಗಿ ನೆನಪಿದೆಯೇ ಎಂದು ಕೇಳಿದೆ. ಅವಳು ಯೋಚಿಸಲೇ ಇಲ್ಲ.

"ನೆನಪಿಲ್ದ ಏನ್ರಿ. ಕೊಳಕೂರಾಗ, ನಮ್ಮ ತವರಮನ್ಯಾಗ. ಬನದ ಹುಣ್ಣಿಮಿ, ಗುರುವಾರ. ಆಕಿ ಸಾಲಿಗಿ ಬರಾಗ ಐದೂ ತುಂಬಿರಲಿಲ್ಲಲ್ರಿ. ನೀವ ಕಿವಿ ಮುಟ್ಟಿಸಿದ್ರಿ."

ಮೊಬೈಲಿನಲ್ಲಿ ಹಳೆಯ ಪಂಚಾಂಗ ತೆಗೆದೆ. ಅವಳು ಶಾಲೆಗೆ ಸೇರಿದ ದಿನದಿಂದ ನಾಲ್ಕೂವರೆ ವರ್ಷ ಹಿಂದೆ ಎಣಿಸಿ, ಬನದ ಹುಣ್ಣಿಮೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆ, ಗುರುವಾರ ಬಂದ ವರ್ಷ ಹುಡುಕಿದೆ. ಸಿಕ್ಕಿತು: ಡಿಸೆಂಬರ್ ಮೂವತ್ತೊಂದು. ಆಗ ನನಗೆ ವಿಶ್ವವಿದ್ಯಾಲಯದ ನಿಯಮ ನೆನಪಾಯಿತು. ಸೇರುವ ವರ್ಷದ ಡಿಸೆಂಬರ್ ಮೂವತ್ತೊಂದಕ್ಕೆ ಹದಿನೇಳು ತುಂಬಿರಬೇಕು. ನನ್ನ ಜೂನ್ ಒಂದರ ಪ್ರಕಾರ ಅವಳಿಗೆ ಹದಿನೆಂಟಾಗುತ್ತಿತ್ತು, ನಿಯಮದ ಕಡೆ ನೋಡಬೇಕಾದ ಅಗತ್ಯವೇ ಬಿದ್ದಿರಲಿಲ್ಲ. ನಿಜದ ಪ್ರಕಾರ ಸರಿಯಾಗಿ ಕೊನೆಯ ದಿನ ಹದಿನೇಳು ತುಂಬುತ್ತಿತ್ತು. ಒಂದೇ ಒಂದು ದಿನದಲ್ಲಿ ಪಾರು. ಬಿಸಿಲಿನಲ್ಲಿ ನಿಂತೇ ಇದ್ದೆ. ಹಳ್ಳದ ಅಂಚಿನಲ್ಲಿ ಕಣ್ಣು ಕಟ್ಟಿಕೊಂಡು ನಡೆದು, ಆಮೇಲೆ ತಿರುಗಿ ನೋಡಿದ ಹಾಗೆ.

ಮರುದಿನ ಜೇವರ್ಗಿಗೆ ಹೋದೆ. ಜನನ ನೋಂದಣಿಯ ಪುಸ್ತಕದಲ್ಲಿ ಆ ಡಿಸೆಂಬರು, ಮುಂದಿನ ಜನವರಿ ಎರಡನ್ನೂ ಹುಡುಕಿಸಿದೆ. ಕೊಳಕೂರಿನ ಹೆಸರುಗಳಿದ್ದವು, ಅವಳದಿರಲಿಲ್ಲ. ಮನೆಯ ಹೆರಿಗೆ, ಯಾರೂ ಬರೆಸಿಲ್ಲ. ಈಗ ಬರೆಸಬೇಕೆಂದರೆ ಅರ್ಜಿ, ವಿಚಾರಣೆ, ಮೇಲಧಿಕಾರಿಯ ಆದೇಶ, ತಿಂಗಳುಗಟ್ಟಲೆಯ ಮಾತು. ದಾಖಲೆ ಲಭ್ಯವಿಲ್ಲ ಎಂಬ ಪತ್ರ ಪಡೆಯಲು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆ. ಅಲ್ಲಿ ಕೂತಾಗಲೇ ಒಬ್ಬ ಗಂಡಸು ಬಂದು ನಮಸ್ಕಾರ ಮಾಡಿದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದು ಮಾತು. ಹುಡುಗಿಯ ಸೋದರಮಾವ. ನಾನು ಬಂದ ಸುದ್ದಿ ಅದು ಹೇಗೋ ಅವನಿಗೆ ಮುಟ್ಟಿತ್ತು.

"ನಮ್ಮ ಹುಡುಗಿ ಸಲುವಾಗಿ ಭಾಳ ತ್ರಾಸ ತಗೋಳಾಕತ್ತೀರಿ ಮೇಡಮ್ರಿ. ಸೀಟು ಬಂದ್ರ ಖುಷಿನ. ಬರ್ಲಿಲ್ಲಂದ್ರೂ ಫಿಕರಿ ಮಾಡಬ್ಯಾಡ್ರಿ. ನಾವ್ ಅದೀವಲ್ಲ."

ಚಹಾ ತರಿಸಿದ. ಕುಡಿಯದಿದ್ದರೆ ಚೆನ್ನಾಗಿರುವುದಿಲ್ಲವೆಂದು ಕುಡಿದೆ. ಅವನು ಕೆಟ್ಟ ಮಾತು ಒಂದೂ ಆಡಲಿಲ್ಲ. ಆದರೂ ಬಸ್ಸಿನಲ್ಲಿ ಕೂತ ಮೇಲೂ ಆ 'ನಾವ್ ಅದೀವಲ್ಲ' ಕಿವಿಯಲ್ಲೇ ಇತ್ತು.

ಆ ಸಂಜೆ ಹೇಳಿಕೆ ಬರೆದೆ. ದಾಖಲಾತಿಯ ದಿನಾಂಕ ನನ್ನ ಅಂದಾಜಿನದು, ಆಧಾರವಿಲ್ಲದ್ದು. ತಾಯಿಯ ಪ್ರಕಾರ ಬನದ ಹುಣ್ಣಿಮೆಯ ಗುರುವಾರ, ಅಂದರೆ ಡಿಸೆಂಬರ್ ಮೂವತ್ತೊಂದು. ಹುಡುಗಿಗೆ ಓದಿಸಿದೆ. ಅವಳು ಬೆರಳು ಮಡಚಿ ಎಣಿಸಿ, "ಕಡೀ ದಿನ ಅದ ಮೇಡಮ್. ನಡೀತದ" ಎಂದಳು. ಸಹಿ ಮಾಡಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ತಾಯಿಯೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಬೇಕು, ಭಾಷೆ ಬರುವುದಿಲ್ಲವಾದ್ದರಿಂದ ನಾನೇ ಅನುವಾದಿಸಬೇಕು.

ತಾಯಿ ಬೆಳಗಿನ ಬಸ್ಸಿಗೆ ಆಳಂದಕ್ಕೆ ಬಂದಳು. ಇಳಕಲ್ ಸೀರೆ, ಹಣೆಗೆ ವಿಭೂತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಕರೆಗೆ ಇನ್ನೂ ಕಾಲು ಗಂಟೆಯಿತ್ತು. ಹುಡುಗಿ ನೀರು ತರಲು ಹೋದಾಗ ತಾಯಿ ನನ್ನ ಹತ್ತಿರ ಸರಿದಳು.

"ಅಕ್ಕೋರ, ಅವರು ಗ್ರಹಣದ್ದೂ ಕೇಳ್ತಾರೇನ್ರಿ?"

"ಯಾವ ಗ್ರಹಣ?"

"ಆಕಿ ಗ್ರಹಣದಾಗ ಹುಟ್ಟ್ಯಾಳ್ರಿ. ಆಕಿಗಿ ಗೊತ್ತಿಲ್ಲ, ಯಾರಿಗೂ ಹೇಳಿಲ್ಲ. ನಾವ್ ಬಸವಣ್ಣನ ಮಂದಿ, ಗ್ರಹಣ ಗಿಗ್ರಹಣ ನಂಬಂಗಿಲ್ಲ ಅಂತ ನಮ್ಮಪ್ಪ ದೊಡ್ಡದಾಗಿ ಹೇಳ್ತಿದ್ದ. ಖರೆ ನಮ್ಮವ್ವ ಕುಡಗೋಲು ಮುಟ್ಲಿಲ್ರಿ. ಗ್ರಹಣದಾಗ ಏನೂ ಕೊಯ್ಬಾರದು ಅಂತ. ಚಂದ್ರ ಬಿಡೋತನ ಹೊಕ್ಕಳ ಹುರಿ ಕೊಯ್ಲಾರ್ದ ಕೂಸಿನ ನನ್ನ ಮಗ್ಗಲಾಗ ಹಂಗ ಮಲಗಿಸಿದ್ರು. ನಾ ಕೂಸಿನ ಮ್ಯಾಲ ಕೈ ಇಟ್ಕೊಂಡ ಕಾಯ್ದೇನ್ರಿ, ಉಸರು ಅದ ಇಲ್ಲ ಅಂತ."

ನಾನು ಮೊಬೈಲು ತೆಗೆದೆ. ಆ ಗುರುವಾರದ ಚಂದ್ರಗ್ರಹಣದ ವೇಳೆ ಹುಡುಕುವುದು ಒಂದು ನಿಮಿಷದ ಕೆಲಸ. ರಾತ್ರಿ ಹನ್ನೆರಡು ದಾಟಿ ಇಪ್ಪತ್ತೆರಡು ನಿಮಿಷಕ್ಕೆ ಹಿಡಿದು, ಒಂದೂವರೆಯೊಳಗೆ ಬಿಟ್ಟಿತ್ತು. ಚಂದ್ರನ ಅಂಚಿಗೆ ತಾಗಿದ ಸಣ್ಣ ಗ್ರಹಣ. ತಾಯಿಗೆ ಅದು ಗುರುವಾರವೇ. ನಮ್ಮ ಹಳ್ಳಿಗಳಲ್ಲಿ ಬೆಳಗಾದರೆ ದಿನ ಬದಲಾಗುತ್ತದೆ, ನಡುರಾತ್ರಿಯಲ್ಲಲ್ಲ. ಆದರೆ ವಿಶ್ವವಿದ್ಯಾಲಯದ ಕ್ಯಾಲೆಂಡರಿನಲ್ಲಿ ಹನ್ನೆರಡು ಹೊಡೆದ ಕೂಡಲೇ ಶುಕ್ರವಾರ, ಜನವರಿ ಒಂದು. ಹುಡುಗಿ ಹದಿನೇಳು ತುಂಬುವುದಕ್ಕೆ ಒಂದು ದಿನ ಕಡಿಮೆ ಬೀಳುತ್ತಾಳೆ. ಲೆಕ್ಕ ಹಾಕಿದರೆ ದಿನವೂ ಅಲ್ಲ, ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ.

ಹುಡುಗಿಯ ಹೆಜ್ಜೆ ಸಪ್ಪಳ ಕೇಳಿಸಿತು.

"ಗುರುವಾರ ಅಂತಷ್ಟ ಹೇಳ್ರಿ. ಬ್ಯಾರೆ ಏನೂ ಹೇಳಬ್ಯಾಡ್ರಿ" ಎಂದೆ. ತಾಯಿ ತಲೆಯಾಡಿಸಿದಳು. ನನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಹನ್ನೆರಡು ವರ್ಷದ ಹಿಂದಿನ ದುಂಡು ಅಕ್ಷರಗಳೂ ಹಾಗೇ ಬಂದಿರಬೇಕು.

ಕರೆ ಬಂತು. ಅಧಿಕಾರಿ ತಾಯಿಗೆ ಕೈ ಮುಗಿದರು, ತಾಯಿಯೂ ಮುಗಿದಳು. ಹೆಸರು, ಊರು, ಎಷ್ಟು ಮಕ್ಕಳು. ಯಾವ ದಿನ ಹುಟ್ಟಿದಳು? ಗುರುವಾರ, ಬನದ ಹುಣ್ಣಿಮೆ. ನಾನು ಅನುವಾದಿಸಿದೆ. ಅವರು ಬರೆದುಕೊಂಡರು. ಹಗಲೋ ರಾತ್ರಿಯೋ? ರಾತ್ರಿ. ಮತ್ತೆ ಬರೆದುಕೊಂಡರು. ಎಷ್ಟು ಹೊತ್ತಿಗೆ ಎಂದು ಏನಾದರೂ ನೆನಪಿದೆಯೇ ಎಂದು ಕೊನೆಗೆ ಕೇಳಿದರು. ನಾನು ತಾಯಿಯ ಕಡೆ ನೋಡದೆ ಅದನ್ನೂ ಕನ್ನಡದಲ್ಲಿ ಹೇಳಿದೆ.

ತಾಯಿ ಬೆರಳಿಗೆ ಸುತ್ತಿದ ಸೆರಗನ್ನು ಬಿಟ್ಟಳು. ಆಮೇಲೆ ಪರದೆಯ ಆ ಹೆಣ್ಣುಮಗಳನ್ನೇ ನೇರ ನೋಡುತ್ತಾ, "ಗಡಿಯಾರ ಇರಲಿಲ್ರಿ ಅವ್ವ. ಗ್ರಹಣ ಹಿಡದಿತ್ತು. ಬಿಡೋತನ ಹುರಿ ಕೊಯ್ಲಿಲ್ಲ" ಎಂದಳು. ಆ ಹೊತ್ತು ನೆನಪಿಗೆ ಬಂದ ಮೇಲೆ ಅವಳಿಗೆ ಬೇರೇನೂ ಹೇಳಲಾಗಲಿಲ್ಲ. ಹುಡುಗಿ ತಟ್ಟನೆ ತಾಯಿಯ ಕಡೆ ತಿರುಗಿದಳು.

ಅಷ್ಟರಲ್ಲಿ ಪರದೆ ನಿಂತುಹೋಗಿತ್ತು. ನಮ್ಮ ನೆಟ್‌ವರ್ಕಿನ ಹಣೆಬರಹ. ಅರ್ಧ ನಿಮಿಷದ ಮೇಲೆ ಅಧಿಕಾರಿಯ ಮುಖ ಮತ್ತೆ ಅಲ್ಲಾಡಿತು. ಕ್ಷಮಿಸಿ, ದನಿ ಕಡಿದುಹೋಯಿತು, ಅವರು ಏನೆಂದರು ಎಂದು ನನ್ನನ್ನು ಕೇಳಿದರು.

ಅವರು ಏನೂ ಕೇಳಿಸಿಕೊಂಡಿರಲಿಲ್ಲ. ನೆನಪಿಲ್ಲವಂತೆ ಎಂದರೆ ಮುಗಿಯುತ್ತಿತ್ತು. ಒಂದೇ ಶಬ್ದ. ಹುಡುಗಿ ನನ್ನನ್ನು ನೋಡುತ್ತಿದ್ದಳು. ಅವಳು ಬುದ್ಧಿವಂತೆ, ಗ್ರಹಣ ಎಂದರೆ ಹೊತ್ತು ಗೊತ್ತಾಗುತ್ತದೆ, ಹೊತ್ತು ಗೊತ್ತಾದರೆ ತಾರೀಖು ಜಾರಬಹುದು ಎಂದು ಆಗಲೇ ಊಹಿಸಿದ್ದಳು.

ನಾನು ಹೇಳಿಬಿಟ್ಟೆ. ಗ್ರಹಣದ ಹೊತ್ತಿನಲ್ಲಿ ಹುಟ್ಟಿದ್ದಾಳೆ, ಗ್ರಹಣ ಹಿಡಿದದ್ದು ಹನ್ನೆರಡರ ಮೇಲೆ, ಆದ್ದರಿಂದ ನಾನು ಸಹಿ ಮಾಡಿಕೊಟ್ಟ ದಿನಾಂಕ ತಪ್ಪು, ಅದು ಜನವರಿ ಒಂದಾಗಬೇಕು.

ಯಾಕೆ ಹೇಳಿದೆ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ಆ ತಾಯಿ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಒಬ್ಬ ಗುರುತಿಲ್ಲದ ಹೆಂಗಸಿನ ಮುಂದೆ ಬಿಚ್ಚಿದಾಗ ಅದನ್ನು ನುಂಗುವುದು ನನ್ನಿಂದಾಗಲಿಲ್ಲ ಎನ್ನಬಹುದು. ಅದು ನಿಜವೂ ಹೌದು. ಮುಂದೊಮ್ಮೆ ಗೊತ್ತಾದರೆ ಸಿಕ್ಕಿಬೀಳುವುದು ನನ್ನ ಸಹಿ ಎಂಬ ಹೆದರಿಕೆಯೂ ಅಷ್ಟೇ ನಿಜ. ಎರಡರಲ್ಲಿ ಯಾವುದು ಮೊದಲು ಬಂತೋ ನನಗೆ ಇಂದಿಗೂ ಗೊತ್ತಿಲ್ಲ.

ಅಧಿಕಾರಿ ಒಂದು ಕ್ಷಣ ಬರೆಯುವುದನ್ನು ನಿಲ್ಲಿಸಿದರು. ತಿದ್ದಿದ ಹೇಳಿಕೆಯನ್ನು ಇಂದೇ ಕಳಿಸಿ ಎಂದು ಹೇಳಿ ಮತ್ತೆ ತಾಯಿಗೆ ಕೈ ಮುಗಿದರು.

ಕರೆ ಮುಗಿಯಿತು. "ನಾ ಹೇಳಬಾರದಿತ್ತೇನ್ರಿ ಅಕ್ಕೋರ?" ಎಂದು ತಾಯಿ ಕೇಳಿದಳು. ನಾನು ಲ್ಯಾಪ್‌ಟಾಪು ಮುಚ್ಚಿದೆ. ಹುಡುಗಿ ಮಾತ್ರ ಇನ್ನೊಂದು ದಾರಿ ಹುಡುಕುತ್ತಿದ್ದಳು.

"ನಮ್ಮೂರಾಗ ಕೋಳಿ ಕೂಗೋತನ ಹಿಂದಿನ ದಿನಾನ ಅಲ್ಲೇನ್ರಿ ಮೇಡಮ್? ನಮ್ಮವ್ವ ಸುಳ್ಳ ಹೇಳಿಲ್ಲ. ಗುರುವಾರನ ಇತ್ತು. ಹಂಗಂತ ಬರೀರಿ."

ಬರೆದೆ. ತಿದ್ದಿದ ಹೇಳಿಕೆಯ ಜೊತೆ ಎರಡು ಪುಟದ ಮನವಿ. ಸೂರ್ಯೋದಯದಿಂದ ದಿನ ಎಣಿಸುವ ಪದ್ಧತಿ, ಗಡಿಯಾರವಿಲ್ಲದ ಮನೆ, ಗಂಟೆಯ ಲೆಕ್ಕಕ್ಕೆ ಒಂದು ಜೀವನವನ್ನು ತೂಗಬೇಡಿ ಎಂಬ ವಿನಂತಿ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪತ್ರ ಬರೆದಿರಲಿಲ್ಲ.

ಹತ್ತನೆಯ ದಿನ ಉತ್ತರಗಳು ಬಂದವು. ಉಳಿದ ಮೂವರ ಅರ್ಜಿಗಳ ಮೇಲಿನ ಅನುಮಾನ ತೆಗೆಯಲಾಗಿದೆ, ಶಾಲಾ ಮುಖ್ಯಸ್ಥರ ದೃಢೀಕರಣ ಸಾಕು. ನಾಲ್ಕನೆಯ ಅರ್ಜಿಯ ಪ್ರಾಮಾಣಿಕತೆಯನ್ನು ಮೆಚ್ಚುತ್ತೇವೆ, ವಯಸ್ಸಿನ ನಿಯಮ ಸಡಿಲಿಸುವ ಅವಕಾಶವಿಲ್ಲ, ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು. ಮೆಚ್ಚುಗೆಯ ಆ ಸಾಲು ಓದಿದಾಗ ಲ್ಯಾಪ್‌ಟಾಪು ಎತ್ತಿ ಗೋಡೆಗೆ ಅಪ್ಪಳಿಸಬೇಕೆನಿಸಿತು.

ಹುಡುಗಿಗೆ ಹಾಸ್ಟೆಲಿಗೆ ಹೋಗಿ ಹೇಳಿದೆ. ಅವಳು ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಳು, ಪರೀಕ್ಷೆ ಮುಗಿದವರು ಕೋಣೆ ಖಾಲಿ ಮಾಡಬೇಕಿತ್ತು. ಅಳಲಿಲ್ಲ.

"ಒಂದ ಶಬ್ದ ಬಿಟ್ಟಿದ್ರ ಆಗ್ತಿತ್ತಲ್ರಿ ಮೇಡಮ್. ನನ್ನ ಕೈ ಕಿವಿಗಿ ಮುಟ್ಟಿಸಾಗ ನಿಮಗ ಇಷ್ಟ ವಿಚಾರ ಬರ್ಲಿಲ್ಲ."

ತಪ್ಪಾಯಿತು ಎಂದೆ. ಯಾವ ತಪ್ಪು ಎಂದು ಅವಳು ಕೇಳಲಿಲ್ಲ, ನನಗೂ ಹೇಳಲು ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತನ್ನ ಮೂಲ ಕಾಗದಗಳಿಗಾಗಿ ಕಾಲೇಜಿಗೆ ಬಂದಳು. ಫೈಲು ಕೊಟ್ಟೆ. ನನ್ನೆದುರೇ ಒಂದೊಂದೇ ಕಾಗದ ತಿರುವಿ ನೋಡಿದಳು. ನಾನು ಕೊಟ್ಟದ್ದನ್ನು ಅವಳು ಹಾಗೆ ನೋಡಿ ತೆಗೆದುಕೊಂಡದ್ದು ಅದೇ ಮೊದಲು.

"ನೀವ್ ಕಡೀಕ ಬರ್ದ ಹೇಳಿಕಿ ಇದ್ರಾಗಿಲ್ರಿ. ಜನವರಿ ಒಂದು ಅಂತ ಸಹಿ ಮಾಡಿದ್ದು."

"ಅದ್ಯಾಕ ಬೇಕು ನಿನಗ?"

"ಅದರ ಪ್ರಕಾರ ನನಗ ಈಗ ಹದಿನಾರಲ್ರಿ?"

ಆಗ ನನಗೆ ತಿಳಿಯಿತು. ಪ್ರತಿ ತೆಗೆದು, ಪ್ರಾಂಶುಪಾಲರ ಕೋಣೆಗೆ ಹೋಗಿ ಕಾಲೇಜಿನ ಠಸ್ಸೆ ಹೊಡೆಸಿ, ನನ್ನ ಹೆಸರು, ಹುದ್ದೆ ಸ್ಪಷ್ಟವಾಗಿ ಬರೆದು ಇನ್ನೊಮ್ಮೆ ಸಹಿ ಮಾಡಿದೆ. ಜೂನ್ ಒಂದು ಎಂದೇ ಇರುವ ಹತ್ತನೆಯ ತರಗತಿಯ ಅಂಕಪಟ್ಟಿಯ ಮುಂದೆ ಅದು ಎಷ್ಟು ನಿಲ್ಲುತ್ತದೋ ಗೊತ್ತಿರಲಿಲ್ಲ. ಕೆಳಗೆ ನನ್ನ ಮೊಬೈಲ್ ನಂಬರು ಹಾಕಿದೆ. ಬಾಲ್ಯವಿವಾಹ ತಡೆಯುವ ಅಧಿಕಾರಿಗಳ ಕಚೇರಿ ಎಲ್ಲಿದೆಯೆಂದೂ, ಬೇಕಾದರೆ ಜೊತೆಗೆ ಬರುತ್ತೇನೆಂದೂ ಹೇಳಿದೆ. ಅವಳು ಬೇಡ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಕಾಗದದ ಮೇಲಿನ ತಾರೀಖನ್ನು ಬೆರಳಿಟ್ಟು ಓದಿ, ಮಸಿ ಆರಲೆಂದು ಊದಿದಳು.

"ಮಾವನ ಮಂದಿ ನಾಳಿ ಬರ್ತಾರ್ರಿ, ಲಗ್ನದ ಅಕ್ಕಿಕಾಳ ಹಾಕೋ ದಿನ ಗೊತ್ತ ಮಾಡ್ಲಾಕ" ಎಂದಳು. ಕಾಗದವನ್ನು ಫೈಲಿನ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು, ಅಫಜಲಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.